ರಾಮಾನುಜನ್ ಆಲಿಸಿದ ಮನೆಮಾತು

ಎ.ಕೆ. ರಾಮಾನುಜನ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ವಚನಗಳ ಇಂಗ್ಲಿಷ್ ಅನುವಾದ, ‘ಹೊಕ್ಕುಳಲ್ಲಿ ಹೂವಿಲ್ಲ’ ಸಂಕಲನ, ಜನಪದ ಕತೆಗಳು. ಅವರು ಭಾಷಾಶಾಸ್ತ್ರದಲ್ಲಿ ಪಳಗಿದವರು, ಜಾತಿಗೂ ಆಡುಮಾತಿಗೂ ಇರುವ ನಂಟನ್ನು ಶೋಧಿಸಿದವರು ಎಂಬುದು ಹಿನ್ನೆಲೆಗೆ ಸರಿದಿದೆ. ಪದವಿ ವಿದ್ಯಾರ್ಥಿಗಳಿಂದ ಭಾಷೆಯ ಕುರಿತು ಕಿರುಸಂಶೋಧನೆ ಮಾಡಿಸುವ ನನಗೆ ಅವರ ಬದುಕಿನ ಈ ಭಾಗವೇ ಹೆಚ್ಚು ಮುಖ್ಯವೆನಿಸಿದೆ.

1929ರಲ್ಲಿ ಮೈಸೂರಿನ ಅಯ್ಯಂಗಾರ್ ಮನೆತನದಲ್ಲಿ ಹುಟ್ಟಿದ ಅವರಿಗೆ ಮನೆಯೇ ಪ್ರಯೋಗಶಾಲೆಯಾಗಿತ್ತು. ಮಹಡಿಯ ಮೇಲೆ ಗಣಿತದ ಪ್ರಾಧ್ಯಾಪಕರಾದ ತಂದೆಯೊಡನೆ ಇಂಗ್ಲಿಷ್, ಕೆಳಗೆ ತಾಯಿಯೊಡನೆ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಬೆಳಗಾವಿ ಮೊದಲಾದೆಡೆ ಪಾಠ ಹೇಳಿ, ಬಳಿಕ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರದತ್ತ ಹೊರಳಿದರು. 1959ರಲ್ಲಿ ಅಮೆರಿಕಕ್ಕೆ ಹೋದರು. ಕನ್ನಡದ ವ್ಯಾಕರಣವನ್ನೇ ವಿಷಯವಾಗಿಸಿಕೊಂಡು 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು.

ಕನ್ನಡದ ಆಡುನುಡಿಯನ್ನು ಅಭ್ಯಸಿಸಿದ್ದ ವಿಲಿಯಂ ಬ್ರೈಟ್ ಅವರೊಡನೆ ಸೇರಿ ಬರೆದ ಅವರ ಪ್ರಬಂಧ 1964ರಲ್ಲಿ ಪ್ರಕಟವಾಯಿತು. ಕನ್ನಡ, ತಮಿಳು, ತುಳುಗಳಲ್ಲಿ ಬ್ರಾಹ್ಮಣರ ಹಾಗೂ ಬ್ರಾಹ್ಮಣೇತರರ ಮಾತನ್ನು ಅದು ಎದುರುಬದುರು ಇಟ್ಟಿತು. ಮೇಲಿನವರು ಹೊಸದನ್ನು ತರುತ್ತಾರೆ, ಉಳಿದವರು ಅನುಕರಿಸುತ್ತಾರೆ ಎಂಬ ಸರಳ ವಿವರಣೆಗೆ ಅಲ್ಲಿ ಆಧಾರ ಸಿಗಲಿಲ್ಲ. ಬದಲಾವಣೆ ಎರಡೂ ಕಡೆ ಇತ್ತು, ಬಗೆ ಬೇರೆಯಿತ್ತು. ಬ್ರಾಹ್ಮಣರ ಮಾತು ಬೇರೆ ಭಾಷೆಯ ಪದಗಳನ್ನು ಉಚ್ಚಾರಣೆಯ ಸಮೇತ, ತಿಳಿದೂ ತಿಳಿದೂ ತಂದುಕೊಳ್ಳುತ್ತಿತ್ತು. ಇತರರ ಮಾತಿನಲ್ಲಿ ಧ್ವನಿ, ಪ್ರತ್ಯಯಗಳು ಯಾರ ಗಮನಕ್ಕೂ ಬಾರದಂತೆ ಸವೆಯುತ್ತಿದ್ದವು. ಬರಹದ ಪರಂಪರೆ ಅಷ್ಟಾಗಿ ಬೇರೂರದ ತುಳುವಿನಲ್ಲಿ ಮಾತ್ರ ಈ ಸವೆತ ಎರಡೂ ಕಡೆ ಕಂಡಿತು. ಹಾಗಾದರೆ ಬದಲಾವಣೆಯನ್ನು ತಡೆಹಿಡಿಯುವುದು ಹುಟ್ಟಲ್ಲ, ಅಕ್ಷರಾಭ್ಯಾಸ ಎಂಬುದು ಅವರ ಊಹೆ.

ನಾನು ತರಗತಿಯಲ್ಲಿ ತಪ್ಪದೆ ಹೇಳುವ ಉದಾಹರಣೆಯೊಂದಿದೆ. ಹಳಗನ್ನಡದ ‘ಪಾಲು’ ಮುಂದೆ ‘ಹಾಲು’ ಆಯಿತು. ಅದನ್ನು ಅಪಭ್ರಂಶವೆಂದು ಇಂದು ಯಾರೂ ಮೂಗು ಮುರಿಯುವುದಿಲ್ಲ. ಅದೇ ಹಾದಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟ ‘ಆಲು’ ಮಾತ್ರ ನಗೆಪಾಟಲಾಗುತ್ತದೆ. ‘ಹ’ಕಾರ ಜಾರಿತೆಂದು ನಡುವೆಯೇ ಮಾತು ನಿಲ್ಲಿಸಿಬಿಡುವ ಹುಡುಗರನ್ನು ನಾನು ಪ್ರತಿ ವರ್ಷವೂ ಕಾಣುತ್ತೇನೆ. ಸಂಶೋಧನೆಗೆ ಬೇಕಾದ ಸಾಕ್ಷ್ಯ ಇರುವುದು ಅವರ ನಾಲಿಗೆಯಲ್ಲೇ. ನಮ್ಮ ಶಾಲೆಗಳು ಅವರಿಗೆ ಕಲಿಸಿರುವುದು ನಾಚಿಕೆಯನ್ನು.

ಆ ಪ್ರಬಂಧಕ್ಕೆ ಮಿತಿಗಳಿಲ್ಲವೆಂದಲ್ಲ. ಬ್ರಾಹ್ಮಣೇತರ ಎಂಬ ಒಂದೇ ಚೀಲದಲ್ಲಿ ಒಕ್ಕಲಿಗರನ್ನೂ ದಲಿತರನ್ನೂ ಒಟ್ಟಿಗೆ ತುಂಬುವುದು ನನಗೆ ಒಪ್ಪಿಗೆಯಿಲ್ಲ. ಹೆಂಗಸರ ಮಾತು, ವಲಸೆ ಬಂದವರ ಮಾತು ಅಂಥ ವಿಂಗಡಣೆಯಲ್ಲಿ ಕಾಣಿಸುವುದೇ ಇಲ್ಲ. ಆದರೆ ತನ್ನವರ ಮಾತನ್ನು ಮಾದರಿಯ ಪೀಠದಿಂದ ಇಳಿಸಿ, ಇತರರ ಮಾತಿನ ಪಕ್ಕದಲ್ಲಿ ಬರಿಯ ಸಾಮಗ್ರಿಯಾಗಿ ಇಡಲು ಗಟ್ಟಿತನ ಬೇಕಿತ್ತು.

ರಾಮಾನುಜನ್ ಮುಂದೆ ದಶಕಗಳ ಕಾಲ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. 1993ರ ಜುಲೈನಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಕವಿಯ ಕೀರ್ತಿ ಭಾಷಾಶಾಸ್ತ್ರಜ್ಞನನ್ನು ಮರೆಮಾಡಿತ್ತು.

ಅವರ ಆ ಪ್ರಬಂಧವನ್ನು ಓದಿದ ಮೇಲೆ ನನ್ನ ವಿದ್ಯಾರ್ಥಿಗಳಿಗೆ ದೊರೆಯುವ ಮೊದಲ ಕೆಲಸ ಚಿಕ್ಕದು: ತಮ್ಮ ಮನೆಯಲ್ಲಿ ಅಜ್ಜಿ, ತಾಯಿ, ತಂಗಿ ನೀರಿಗೆ, ಊಟಕ್ಕೆ, ನೆಂಟರಿಗೆ ಯಾವ ಯಾವ ಪದ ಬಳಸುತ್ತಾರೆಂದು, ತಿದ್ದದೆ, ಕೇಳಿದಂತೆಯೇ ಬರೆದು ತರಬೇಕು.