ರಾಗಿ ಲಕ್ಷ್ಮಣಯ್ಯನವರು



ಮಹನೀಯರ ಚರಿತೆಯೆಂದರೆ ಅರಸರದು, ಕವಿಗಳದು, ತಪಸ್ವಿಗಳದು ಎಂದೇ ನಮ್ಮ ಎಣಿಕೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಪ್ರತಿದಿನ ಒಲೆಯ ಮೇಲೆ ಎಸರು ಕುದಿಯುತ್ತದೆ, ಮುದ್ದೆಕೋಲು ತಿರುಗುತ್ತದೆ. ಆ ಹಿಟ್ಟಿನ ಹಿಂದೆಯೂ ಒಬ್ಬರ ಜೀವಮಾನದ ತಪಸ್ಸುಂಟು. ಅವರೇ ರಾಗಿ ಬ್ರಹ್ಮರೆಂದು ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು.

1921ರಲ್ಲಿ ಹಾರೋಹಳ್ಳಿಯಲ್ಲಿ ಅವರ ಜನನವಾಯಿತು. ಕನಕಪುರದ ದಾರಿಯಲ್ಲಿರುವ ನಮ್ಮ ಹಾರೋಹಳ್ಳಿಯಲ್ಲ, ಮೈಸೂರಿನ ಸಮೀಪದ ಹಾರೋಹಳ್ಳಿ. ಬಡತನದ ಮನೆ. ಓದಿ ಕೃಷಿಯ ಸೇವೆಗೆ ಸೇರಿದ ಮೇಲೆ ಮಂಡ್ಯದ ವಿ.ಸಿ. ಫಾರಂ ಅವರ ಕರ್ಮಭೂಮಿಯಾಯಿತು. ಸುತ್ತಲೂ ನಾಲೆಯ ನೀರು, ಭತ್ತ, ಕಬ್ಬು. ಅವರು ಮಾತ್ರ ಮಳೆಯನ್ನೇ ನಂಬಿದ ರಾಗಿಯನ್ನು ಹಿಡಿದು ಕುಳಿತರು.

ರಾಗಿಯಲ್ಲಿ ಹೊಸ ತಳಿ ಮಾಡುವುದು ಸುಲಭದ ಮಾತಲ್ಲ. ಅದರ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು. ಜಗತ್ತು ಮಲಗಿರುವಾಗಲೇ ಅರಳಿ, ತನ್ನ ಪರಾಗವನ್ನು ತಾನೇ ಧರಿಸಿಕೊಂಡುಬಿಡುತ್ತದೆ. ಇನ್ನೊಂದು ತೆನೆಯ ಪರಾಗವನ್ನು ಅದಕ್ಕೆ ಸೇರಿಸಬೇಕಾದರೆ ಆ ಹೊತ್ತನ್ನು ಕಾದಿರಬೇಕು. ಸೇರಿತೋ ಇಲ್ಲವೋ ಎಂಬುದು ಮುಂದಿನ ಬೆಳೆಯಲ್ಲಿ ತಿಳಿಯಬೇಕು. ಅಲ್ಲಿಂದ ತಲೆಮಾರಿನ ಮೇಲೆ ತಲೆಮಾರು ತೆನೆಗಳನ್ನು ಆರಿಸುತ್ತ ಹೋದರೆ ತಳಿ ಸ್ಥಿರವಾಗುತ್ತದೆ. ಈ ಕಾಯಕದಿಂದ 1950–60ರ ದಶಕಗಳಲ್ಲಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳು ಬಂದವು. ಹೆಸರುಗಳನ್ನು ನೋಡಿರಿ, ಮನೆಮಕ್ಕಳಿಗೆ ಇಟ್ಟಂತಿವೆ.

ಆ ಕಾಲವನ್ನು ವೃದ್ಧರು ಮರೆತಿರಲಾರರು. 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ಜನರನ್ನು ಕೇಳಿಕೊಂಡರು. ಅಮೆರಿಕದ ಗೋಧಿ ಹಡಗಿನಲ್ಲಿ ಬರುತ್ತಿತ್ತು. ದೇಶದ ಕಣ್ಣೆಲ್ಲ ಗೋಧಿ, ಭತ್ತದ ಮೇಲಿದ್ದಾಗ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ತಂದು ನಮ್ಮ ರಾಗಿಯೊಡನೆ ಕೂಡಿಸಿದರು. ರಾಗಿಯ ತವರು ಆಫ್ರಿಕವೇ, ಸಹಸ್ರಾರು ವರ್ಷಗಳ ಹಿಂದೆ ಅಲ್ಲಿಂದ ಇಲ್ಲಿಗೆ ಬಂದುದು. ಅಗಲಿದ ಬಂಧುಗಳನ್ನು ಮತ್ತೆ ಸೇರಿಸಿದಂತಾಯಿತು. ಇಂಡಿಯಾ, ಆಫ್ರಿಕ ಎರಡರ ಹೆಸರೂ ಕೂಡಿ ಇಂಡಾಫ್ ಎಂದಾಯಿತು. 1970ರ ದಶಕದಿಂದ ಇಂಡಾಫ್ ತಳಿಗಳು ಹೊಲಹೊಲಕ್ಕೂ ಹಬ್ಬಿದವು. ದೇಶದಲ್ಲಿ ರಾಗಿಯ ನೆಲ 1960ರ ದಶಕದ ಸುಮಾರು 25 ಲಕ್ಷ ಹೆಕ್ಟೇರಿನಿಂದ 12 ಲಕ್ಷದ ಆಸುಪಾಸಿಗೆ ಇಳಿದರೂ ಎಕರೆಯ ಇಳುವರಿ ಹೆಚ್ಚುಕಡಿಮೆ ಎರಡರಷ್ಟಾಯಿತು.

ಇನ್ನೊಂದು ಮಾತನ್ನು ರೈತಬಂಧುಗಳು ಗಮನಿಸಬೇಕು. ಈ ಬೀಜಕ್ಕಾಗಿ ವರ್ಷವರ್ಷವೂ ಅಂಗಡಿಯ ಮುಂದೆ ನಿಲ್ಲಬೇಕಾಗಿಲ್ಲ. ಕಣದಲ್ಲಿ ಒಳ್ಳೆಯ ತೆನೆ ಆರಿಸಿ ಎತ್ತಿಟ್ಟರೆ ಅದೇ ಮುಂದಿನ ಬಿತ್ತನೆಗೆ ಆಯಿತು. ನಿಜ, ಹೊಸದು ಬಂದ ಭರದಲ್ಲಿ ಗಿಡ್ಡರಾಗಿ, ರುದ್ರಜಡೆ, ಮಾದಯ್ಯನಗಿರಿಯಂಥ ಹಳೆಯ ತಳಿಗಳು ಹಿಂದೆ ಸರಿದವು. ಆ ನಷ್ಟ ನಮ್ಮ ಮನಸ್ಸಿಗೆ ಇಂದಿಗೂ ಸಮಾಧಾನ ಕೊಟ್ಟಿಲ್ಲ.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಪೂಜ್ಯ ಶಿವಕುಮಾರ ಮಹಾಸ್ವಾಮಿಗಳವರು ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಮುದ್ದೆಯಿಟ್ಟರು. ಆ ದಾಸೋಹಕ್ಕೆ ಧಾನ್ಯ ಬಂದದ್ದು ರೈತರ ಕಣಗಳಿಂದ. ಉಣ್ಣುವಷ್ಟಕ್ಕೂ ಸಾಲದ ಕಣದಿಂದ ಮಠಕ್ಕೆ ಏನು ಬಂದೀತು? ಪಂಕ್ತಿಯಲ್ಲಿ ಪಕ್ಕದವನ ಕುಲ ಕೇಳುವವರುಂಟು, ಬೀಜ ಮಾಡಿದ ಕೈ ಯಾರದೆಂದು ಕೇಳಿದವರನ್ನು ನಾವು ಕಂಡಿಲ್ಲ.

ಇಂದು ನಮ್ಮ ಮನೆಗಳಲ್ಲೇ ಮುದ್ದೆ ಮುದುಕರ ಊಟವಾಗಿದೆ, ಮಗನಿಗೆ ಅನ್ನವೇ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ 340 ಮಿಲಿಗ್ರಾಂಗಿಂತ ಹೆಚ್ಚು, ಅಕ್ಕಿಯಲ್ಲಿ ಹತ್ತರ ಸುಮಾರು. ಕಿಲೋ ಅಕ್ಕಿಗೆ 2,000 ಲೀಟರಿಗೂ ಮಿಕ್ಕಿ ನೀರು ಬೇಕು. ಕೊಳವೆಬಾವಿ ಬತ್ತಿದ ಊರಿನಲ್ಲಿ ಕುಳಿತು ನಾಲೆಯ ಊರಿನ ಅನ್ನಕ್ಕೆ ಕಾಯುವುದು ಯಾವ ವಿವೇಕ? ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು ಬಂದಾಗ ಮನೆಗೆ ಸಾರೂ ಎಣ್ಣೆಯೂ ಆದವು, ದನಕ್ಕೆ ಹುಲ್ಲೂ ಆಯಿತು. ಹಗೇವಿನಲ್ಲಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಬರಗಾಲವನ್ನು ದಾಟಿಸಿತು. ಈಗ ಅದೇ ಹೊಲದಲ್ಲಿ ನೀಲಗಿರಿ ಇದೆ, ಇಲ್ಲವೇ ಸೈಟಿನ ಕಲ್ಲು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಪಟ್ಟಣದವರು ಪೊಟ್ಟಣದಲ್ಲಿ ರಾಗಿ ಕೊಂಡರು, ಸಂತೋಷವೇ. ಬೆಳೆಯುವವನ ಒಲೆಯಿಂದ ಅದು ಕೆಳಗಿಳಿಯಿತಲ್ಲ ಎಂಬುದೇ ನಮ್ಮ ವ್ಯಥೆ.

ಲಕ್ಷ್ಮಣಯ್ಯನವರು 1993ರಲ್ಲಿ ಲಿಂಗೈಕ್ಯರಾದರೆಂದು ಬರೆಯಲು ಕೈ ಹೋಯಿತು. ಅವರು ನಮ್ಮ ಸಂಪ್ರದಾಯದವರಲ್ಲ, ಆದರೂ ಕಾಯಕ ಅಂಥದು. ಬೆಂಕಿ ರೋಗಕ್ಕೆ ಇಂಡಾಫ್ ಸೋತಾಗ, ಅವರು ತೀರಿದ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಜಿ.ಪಿ.ಯು.–28 ಎಂಬ ತಳಿ ಬಂದಿತು. ನಮ್ಮ ಸೀಮೆಯಲ್ಲಿ ಬಹುಮಂದಿ ಬಿತ್ತಿದ ರಾಗಿ ಅದು. ಅದರ ವಂಶವನ್ನು ವಿಚಾರಿಸಿದರೆ ಒಂದು ಕಡೆ ಇಂಡಾಫ್–5, ಮತ್ತೊಂದು ಕಡೆ ಇಂಡಾಫ್–9.