ಲೇವಿ ಕಾಫಿನ್‌ರವರ ಮನೆಯ ಬಾಗಿಲು

ಉತ್ತರ ಅಮೇರಿಕದ ಪೂರ್ವತೀರದಲ್ಲಿ ನಾಂಟಕೆಟ್ ಎಂಬ ಚಿಕ್ಕ ದ್ವೀಪವುಂಟು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಬಂದ ಕಾಫಿನ್ ಮನೆತನದವರು ಅಲ್ಲಿ ನೆಲೆಗೊಂಡರು. ಕಾಲಕ್ರಮದಲ್ಲಿ ಅವರಲ್ಲಿ ಅನೇಕರು ಕ್ವೇಕರರೆಂದು ಕರೆಯಲ್ಪಡುವ ಸ್ನೇಹಿತರ ಸಂಘಕ್ಕೆ ಸೇರಿದರು. ಆಗಿನ ಕ್ವೇಕರರು ಆಣೆಯಿಡುತ್ತಿರಲಿಲ್ಲ, ಯುದ್ಧಕ್ಕೆ ಹೋಗುತ್ತಿರಲಿಲ್ಲ; ಪ್ರತಿಯೊಬ್ಬ ಮನುಷ್ಯನ ಅಂತರಂಗದಲ್ಲಿಯೂ ದೇವರ ಬೆಳಕು ಉಂಟೆಂದು ನಂಬಿ, ಮೌನವಾಗಿ ಕೂಡಿ ಆರಾಧಿಸುತ್ತಿದ್ದರು. ಈ ಮನೆತನದ ಒಂದು ಶಾಖೆಯು 18ನೆಯ ಶತಮಾನದಲ್ಲಿ ದಕ್ಷಿಣಕ್ಕೆ ಹೋಗಿ, ಉತ್ತರ ಕ್ಯಾರೊಲೈನ ಸಂಸ್ಥಾನದ ನ್ಯೂ ಗಾರ್ಡನ್ ಎಂಬಲ್ಲಿ ವ್ಯವಸಾಯಮಾಡಿಕೊಂಡು ಬಾಳಿತು. ಅಲ್ಲಿಯೇ 1798ನೆಯ ಅಕ್ಟೋಬರ್ 28ರಲ್ಲಿ ಲೇವಿ ಕಾಫಿನ್‌ರವರು ಹುಟ್ಟಿದರು.

ಆ ಸೀಮೆಯಲ್ಲಿ ಆಫ್ರಿಕದವರ ಸಂತತಿಯನ್ನು ದನಗಳಂತೆ ಕೊಂಡು ಮಾರುತ್ತಿದ್ದರು. ಲೇವಿಯು ಸುಮಾರು ಏಳು ವರ್ಷದ ಬಾಲಕನಾಗಿದ್ದಾಗ, ದಾರಿಯ ಬದಿಯಲ್ಲಿ ಸೌದೆ ಕಡಿಯುತ್ತಿದ್ದ ತಂದೆಯ ಹತ್ತಿರ ನಿಂತಿದ್ದನು. ಆಗ ಸರಪಣಿಯಿಂದ ಬಿಗಿಯಲ್ಪಟ್ಟ ಗುಲಾಮರ ಸಾಲೊಂದು ಆ ಮಾರ್ಗವಾಗಿ ಬಂತು. ಅವರನ್ನು ಏಕೆ ಹೀಗೆ ಕಟ್ಟಿದ್ದಾರೆಂದು ತಂದೆಯು ದಯೆಯಿಂದ ವಿಚಾರಿಸಲು, ಹೆಂಡತಿಮಕ್ಕಳಿಂದ ತಮ್ಮನ್ನು ಅಗಲಿಸಿದ್ದಾರೆಂದೂ ತಿರಿಗಿ ಅವರ ಬಳಿಗೆ ಓಡಿಹೋಗದಂತೆ ಈ ಸರಪಣಿಯೆಂದೂ ಅವರಲ್ಲೊಬ್ಬನು ಹೇಳಿದನು. ತನ್ನ ತಂದೆಯನ್ನು ಯಾರಾದರೂ ಹೀಗೆ ಒಯ್ದರೆ ತಮ್ಮ ಗತಿಯೇನೆಂಬ ಚಿಂತೆಯು ಅಂದು ಬಾಲಕನ ಮನಸ್ಸಿನಲ್ಲಿ ನಾಟಿ, ಸಾಯುವ ತನಕ ಹೋಗಲಿಲ್ಲ.

1821ರಲ್ಲಿ ಲೇವಿಯವರೂ ಅವರ ದಾಯಾದಿ ವೆಸ್ಟಲ್ ಕಾಫಿನ್‌ರೂ ಗುಲಾಮರಿಗೆ ಸತ್ಯವೇದವನ್ನು ಓದಲು ಕಲಿಸುವುದಕ್ಕಾಗಿ ಭಾನುವಾರದ ಶಾಲೆಯನ್ನು ತೆರೆದರು. ಓದಬಲ್ಲ ಗುಲಾಮನು ತಮ್ಮ ಕೈಯಲ್ಲಿ ಉಳಿಯನೆಂದು ಯಜಮಾನರು ಹೆದರಿ, ತಮ್ಮವರನ್ನು ಕಳುಹಿಸದೆ ಹೋದರು, ಶಾಲೆಯು ಮುಚ್ಚಿತು. ಆ ಕಾಲದಲ್ಲಿ ಕ್ವೇಕರ ಕುಟುಂಬಗಳು ಅನೇಕವಾಗಿ ವಾಯವ್ಯದ ಹೊಸ ಸೀಮೆಗಳಿಗೆ ಹೊರಟವು. ಏಕೆಂದರೆ 1787ರ ಶಾಸನದ ಪ್ರಕಾರ ಅಲ್ಲಿ ಗುಲಾಮಗಿರಿಯು ನಿಷಿದ್ಧವಾಗಿತ್ತು. 1824ರಲ್ಲಿ ಕ್ಯಾಥರಿನ್ ವೈಟ್ ಎಂಬಾಕೆಯನ್ನು ಮದುವೆಯಾಗಿದ್ದ ಲೇವಿಯವರು 1826ರಲ್ಲಿ ಇಂಡಿಯಾನ ಸಂಸ್ಥಾನದ ನ್ಯೂಪೋರ್ಟ್ ಎಂಬ ಹಳ್ಳಿಗೆ ಹೋಗಿ ಅಂಗಡಿಯನ್ನಿಟ್ಟರು. ಆ ಹಳ್ಳಿಯನ್ನು ಈಗ ಫೌಂಟನ್ ಸಿಟಿ ಎನ್ನುತ್ತಾರೆ.

ದಕ್ಷಿಣದಿಂದ ತಪ್ಪಿಸಿಕೊಂಡು ಬಂದವರು ಆ ಹಳ್ಳಿಯ ಮಾರ್ಗವಾಗಿಯೇ ಕೆನಡಾ ದೇಶಕ್ಕೆ ಹೋಗುತ್ತಿದ್ದರು. ಅಲ್ಲಿ ನೆಲೆಸಿದ್ದ ಸ್ವತಂತ್ರರಾದ ಕಪ್ಪು ಜನರು ತಮ್ಮ ಬಡತನದಲ್ಲಿಯೂ ಅವರಿಗೆ ಆಶ್ರಯಕೊಡುತ್ತಿದ್ದರು. ಆದರೆ ಬೆನ್ನಟ್ಟಿ ಬಂದವರು ಆ ಮನೆಗಳನ್ನೇ ಮೊದಲು ಹುಡುಕುತ್ತಿದ್ದದರಿಂದ ಅನೇಕರು ಸಿಕ್ಕಿಬೀಳುತ್ತಿದ್ದರು. ಬಿಳಿಯರಾದ ಕ್ವೇಕರರೋ, ದಂಡಕ್ಕೆ ಹೆದರಿ ಸುಮ್ಮನಿದ್ದರು. ಲೇವಿಯವರು ಇದನ್ನು ತಿಳಿದು ತಮ್ಮ ಮನೆಯ ಬಾಗಿಲನ್ನು ತೆರೆದರು. ಓಡಿಬಂದ ದಾಸನನ್ನು ಯಜಮಾನನಿಗೆ ಒಪ್ಪಿಸಬಾರದೆಂಬ ವಿಧಿಯು ಧರ್ಮೋಪದೇಶಕಾಂಡದಲ್ಲಿದೆಯಷ್ಟೆ. ಗಿರಾಕಿಗಳಲ್ಲಿ ಕೆಲವರು ಅಂಗಡಿಯನ್ನು ಬಿಟ್ಟರು. ಮನೆ ಸುಟ್ಟುಬಿಡುವೆವೆಂಬ ಬೆದರಿಕೆಗಳೂ ಬಂದವು. ಆದರೂ ಅವರು ಹಿಂದೆಗೆಯಲಿಲ್ಲ. ಬಳಿಕ ಹೊಸಬರು ಬಂದು ನೆಲೆಸಿದಂತೆ ವ್ಯಾಪಾರವು ವೃದ್ಧಿಯಾಯಿತು. ಆ ಆದಾಯವೇ ಈ ಸೇವೆಯ ವೆಚ್ಚಕ್ಕೆ ಒದಗಿತು.

ನಡುರಾತ್ರಿಯಲ್ಲಿ ಬಾಗಿಲನ್ನು ಮೆಲ್ಲನೆ ತಟ್ಟುವ ಸದ್ದಾಗುವುದು. ಚಳಿಯಿಂದ ನಡುಗುವವರನ್ನು ಒಳಗೆ ಕರೆದು ಬೆಂಕಿಯ ಬಳಿ ಕೂಡ್ರಿಸುವರು. ಕ್ಯಾಥರಿನಮ್ಮನವರು ಎದ್ದು ಅಡಿಗೆ ಮಾಡಿ ಬಡಿಸುವರು. ಅವರ ಮನೆಯಲ್ಲಿ ಹಳ್ಳಿಯ ಸ್ತ್ರೀಯರು ಕೂಡಿ, ಬರುವವರಿಗಾಗಿ ಬಟ್ಟೆಗಳನ್ನು ಹೊಲಿಯುತ್ತಿದ್ದರು. 1839ರಲ್ಲಿ ಕಟ್ಟಿದ ಇಟ್ಟಿಗೆಯ ಮನೆಯಲ್ಲಿ ಮಾಡಿನ ಕೆಳಗೆ ಅಡಗುವ ಸ್ಥಳವೂ ಮನೆಯೊಳಗೇ ನೀರಿನ ಬಾವಿಯೂ ಇದ್ದವು. ಬಾವಿಯು ಒಳಗಿದ್ದದರಿಂದ ಎಷ್ಟು ಮಂದಿಗೆ ನೀರು ಸೇದುತ್ತಾರೆಂಬುದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ದಣಿವಾರಿದ ಮೇಲೆ ಬಂಡಿಯಲ್ಲಿ ಮುಂದಿನ ಮನೆಗೆ ಕಳುಹಿಸುತ್ತಿದ್ದರು. ಮನೆಯಿಂದ ಮನೆಗೆ ಸಾಗುವ ಈ ಗುಪ್ತಮಾರ್ಗಕ್ಕೆ, ಹಳಿಗಳೊಂದೂ ಇಲ್ಲದಿದ್ದರೂ, ಭೂಗತ ರೈಲುದಾರಿಯೆಂದು ಹೆಸರಾಯಿತು. ನ್ಯೂಪೋರ್ಟಿನಲ್ಲಿದ್ದ ಸುಮಾರು 20 ವರ್ಷಗಳಲ್ಲಿ ಈ ದಂಪತಿಗಳು 2,000 ಮಂದಿಗೆ ಸಹಾಯಮಾಡಿದರೆಂದು ಎಣಿಸಲಾಗಿದೆ.

ಆದರೆ ಅತ್ಯಂತ ಕಹಿಯಾದ ಶೋಧನೆಯು ಶತ್ರುಗಳಿಂದಲ್ಲ, ಸ್ವಂತ ಸಭೆಯಿಂದಲೇ ಬಂತು. ಕ್ವೇಕರರು ಗುಲಾಮರನ್ನು ಇಟ್ಟುಕೊಳ್ಳುವುದನ್ನು ಎಂದೋ ಬಿಟ್ಟಿದ್ದರು. ಆದರೂ ಇಂಡಿಯಾನದ ವಾರ್ಷಿಕ ಸಭೆಯ ಹಿರಿಯರು ಗಲಭೆಗೆ ಅಂಜಿ, ದಾಸ್ಯವಿರೋಧಿ ಸಂಘಗಳಲ್ಲಿ ಸೇರಬಾರದೆಂದು ಬುದ್ಧಿಹೇಳಿದರು. ಕೇಳದವರನ್ನು ಸಮಿತಿಗಳ ಕೆಲಸದಿಂದ ತೆಗೆದುಹಾಕಿದರು. ಹೀಗಿರಲಾಗಿ 1843ರಲ್ಲಿ ಲೇವಿಯವರೂ ಅವರ ಸಂಗಡಿಗರೂ ದುಃಖದಿಂದ ಬೇರೆಯಾಗಿ ಪ್ರತ್ಯೇಕ ಸಭೆಯಾಗಿ ಕೂಡಿದರು. ಕೆಲವು ವರ್ಷಗಳ ತರುವಾಯ ಆ ಒಡಕು ವಾಸಿಯಾಯಿತು. ಸಮಾಧಾನವನ್ನು ಪ್ರೀತಿಸುವುದು ಒಳ್ಳೆಯದೇ. ಆದರೆ ಬಾಗಿಲಲ್ಲಿ ನಿಂತವನನ್ನು ಹೊರಗೆ ಬಿಟ್ಟು ಕಾಪಾಡಿದ ಸಮಾಧಾನವು ಎಂಥದೆಂದು ನಾವು ಯೋಚಿಸಬೇಕು.

ಗುಲಾಮರ ಬೆವರಿನಿಂದ ಬೆಳೆದ ಹತ್ತಿಯನ್ನೂ ಸಕ್ಕರೆಯನ್ನೂ ಮಾರುವುದು ಅವರ ಮನಸ್ಸಾಕ್ಷಿಯನ್ನು ಚುಚ್ಚಿತು. ಆದಕಾರಣ 1847ರಲ್ಲಿ ಸಿನ್ಸಿನ್ಯಾಟಿ ಪಟ್ಟಣಕ್ಕೆ ಹೋಗಿ, ಕೂಲಿ ಪಡೆದವರ ದುಡಿತದಿಂದಾದ ಸರಕುಗಳನ್ನು ಮಾತ್ರ ಮಾರುವ ಮಳಿಗೆಯನ್ನು ನಡಿಸಿದರು. ಲಾಭವು ಸ್ವಲ್ಪವೇ. ಓಡಿಹೋಗುವವರಿಗೆ ಸಹಾಯಮಾಡಿದವರಿಗೆ 1,000 ಡಾಲರ್ ವರೆಗೆ ದಂಡವನ್ನೂ ಆರು ತಿಂಗಳ ವರೆಗೆ ಸೆರೆಯನ್ನೂ ವಿಧಿಸುವ ಕಾನೂನು 1850ರಲ್ಲಿ ಬಂತು. ಆದರೂ ಅವರ ಮನೆಯ ಬಾಗಿಲು ಮುಚ್ಚಲಿಲ್ಲ.

ಅಂತರ್ಯುದ್ಧದ ಕಾಲದಲ್ಲಿ ಬಿಡುಗಡೆ ಹೊಂದಿದವರು ಅನ್ನಬಟ್ಟೆಯಿಲ್ಲದೆ ಕಷ್ಟಪಡುತ್ತಿರಲು, ಲೇವಿಯವರು 1864ರಲ್ಲಿ ಇಂಗ್ಲೆಂಡಿಗೆ ಹೋಗಿ ಅವರಿಗಾಗಿ ಧನಸಹಾಯವನ್ನು ಬೇಡಿದರು. 1865ರಲ್ಲಿ ಅಮೇರಿಕದ ರಾಜ್ಯಾಂಗದ ತಿದ್ದುಪಡಿಯಿಂದ ಗುಲಾಮಗಿರಿಯು ದೇಶದಲ್ಲೆಲ್ಲಾ ರದ್ದಾಯಿತು. 1877ನೆಯ ಸೆಪ್ಟೆಂಬರ್ 16ರಲ್ಲಿ ಅವರು ನಿದ್ರೆಹೋದರು; ಕ್ಯಾಥರಿನಮ್ಮನವರು 1881ರಲ್ಲಿ ಅವರನ್ನು ಹಿಂಬಾಲಿಸಿದರು. ಕ್ವೇಕರರ ಸರಳ ಪದ್ಧತಿಗೆ ಸರಿಯಾಗಿ ಅವರ ಸಮಾಧಿಗೆ ಗುರುತೇ ಇರಲಿಲ್ಲ. 1902ರಲ್ಲಿ ಸಿನ್ಸಿನ್ಯಾಟಿಯ ಕಪ್ಪು ಜನರು ಅಲ್ಲಿ ಒಂದು ಸ್ಮಾರಕಶಿಲೆಯನ್ನು ನಿಲ್ಲಿಸಿದರು.

ಪ್ರಿಯ ವಾಚಕರೇ, ಲೇವಿಯವರು ಬೋಧಕರಲ್ಲ, ಅಧಿಕಾರಿಗಳಲ್ಲ. ತಕ್ಕಡಿ ಹಿಡಿದ ವರ್ತಕರು. ಅವರ ಪತ್ನಿಯು ಒಲೆಯ ಮುಂದೆ ದುಡಿದ ಗೃಹಿಣಿ. ಮನೆ, ಅಂಗಡಿ, ಬಂಡಿ, ಅಡಿಗೆ ಇವೇ ಅವರ ಸಾಧನಗಳು. ಇವುಗಳಲ್ಲಿ ಒಂದಾದರೂ ಇಲ್ಲದವರು ನಮ್ಮ ಸಭೆಗಳಲ್ಲಿ ಎಷ್ಟು ಮಂದಿ?