ಪಿಯರ್ ಸಿಮೋನ್ ಲಾಪ್ಲಾಸ್

ಪಿಯರ್ ಸಿಮೋನ್ ಲಾಪ್ಲಾಸ್ (ಮಾರ್ಚ್ 23, 1749 – ಮಾರ್ಚ್ 5, 1827) ಫ್ರಾನ್ಸಿನ ಗಣಿತಜ್ಞ ಮತ್ತು ಖಗೋಳವಿಜ್ಞಾನಿ. ಸುತ್ತುತ್ತಿದ್ದ ಅನಿಲರಾಶಿಯೊಂದರಿಂದ ಗ್ರಹಗಳು ಹುಟ್ಟಿದವೆಂಬ ನೀಹಾರಿಕಾ ಸಿದ್ಧಾಂತದ ಮುಖ್ಯ ಪ್ರತಿಪಾದಕ. ಎಳೆಯ ನಕ್ಷತ್ರಗಳ ಸುತ್ತ ಇಂದು ಕಾಣುತ್ತಿರುವ ಅನಿಲ ಮತ್ತು ಧೂಳಿನ ತಟ್ಟೆಗಳ ಅಧ್ಯಯನಕ್ಕೆ ಈತನ ಊಹೆಯೇ ಹಿನ್ನೆಲೆ.

ಜೀವನ

ಹುಟ್ಟಿದ್ದು ನಾರ್ಮಂಡಿಯ ಬೋಮಾನ್-ಆನ್-ಓಜ್ ಎಂಬಲ್ಲಿ. ಧರ್ಮಶಾಸ್ತ್ರ ಕಲಿಯಲೆಂದು ಕಾನ್ ವಿಶ್ವವಿದ್ಯಾಲಯ ಸೇರಿದವನು ಗಣಿತಕ್ಕೆ ಮನಸೋತು ಪ್ಯಾರಿಸ್ಸಿಗೆ ತೆರಳಿದ. ಗಣಿತಜ್ಞ ದಾಲಂಬೇರನ ನೆರವಿನಿಂದ ಸೈನಿಕ ಶಾಲೆಯಲ್ಲಿ ಅಧ್ಯಾಪಕನಾದ. 1773ರಲ್ಲಿ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ. 1785ರಲ್ಲಿ ಫಿರಂಗಿ ದಳದ ಪರೀಕ್ಷಕನಾಗಿ ಹದಿನಾರರ ಹರೆಯದ ನೆಪೋಲಿಯನ್ನನನ್ನು ಪರೀಕ್ಷಿಸಿದ್ದ. ಅದೇ ನೆಪೋಲಿಯನ್ 1799ರಲ್ಲಿ ಈತನನ್ನು ಒಳಾಡಳಿತ ಮಂತ್ರಿಯನ್ನಾಗಿ ನೇಮಿಸಿ, ಆರು ವಾರಗಳಲ್ಲೇ ಬದಲಾಯಿಸಿದ. ಅರಸೊತ್ತಿಗೆ ಮರಳಿದ ಮೇಲೆ, 1817ರಲ್ಲಿ, ಮಾರ್ಕ್ವಿಸ್ ಪದವಿಯೂ ದೊರೆಯಿತು. ಆಳುವವರಿಗೆ ತಕ್ಕಂತೆ ನಿಷ್ಠೆ ಬದಲಿಸಿದನೆಂಬ ಆಕ್ಷೇಪ ಈತನ ಮೇಲಿದೆ. ಗ್ರಹಚಲನೆಯನ್ನು ಗಣಿತಕ್ಕೆ ಒಳಪಡಿಸಿದ ಐದು ಸಂಪುಟಗಳ ಮಹಾಗ್ರಂಥ 1799ರಿಂದ 1825ರವರೆಗೆ ಪ್ರಕಟವಾಯಿತು.

ನೀಹಾರಿಕಾ ಸಿದ್ಧಾಂತ

ಆಗ ತಿಳಿದಿದ್ದ ಗ್ರಹಗಳೆಲ್ಲ ಒಂದೇ ದಿಕ್ಕಿನಲ್ಲಿ, ಹೆಚ್ಚುಕಡಿಮೆ ಒಂದೇ ಸಮತಲದಲ್ಲಿ ಸೂರ್ಯನನ್ನು ಸುತ್ತುತ್ತವೆ. ಇದು ಆಕಸ್ಮಿಕವಾಗಿರಲಾರದು ಎಂಬುದು ಸಂಭವನೀಯತೆಯ ಗಣಿತದಲ್ಲಿ ನಿಷ್ಣಾತನಾದ ಲಾಪ್ಲಾಸನ ವಾದ. ಸೂರ್ಯನ ಬಿಸಿ ವಾತಾವರಣ ಹಿಂದೆ ಗ್ರಹಗಳ ಕಕ್ಷೆಗಳಾಚೆಗೂ ಹರಡಿತ್ತು. ತಣಿದು ಕುಗ್ಗಿದಂತೆ ಅದರ ಭ್ರಮಣವೇಗ ಹೆಚ್ಚಿ, ಸಮಭಾಜಕದ ಬಳಿ ಅನಿಲದ ಉಂಗುರಗಳು ಉಳಿದವು. ಒಂದೊಂದು ಉಂಗುರವೂ ಒಂದೊಂದು ಗ್ರಹವಾಯಿತು ಎಂದು 1796ರ ಗ್ರಂಥದಲ್ಲಿ ಸೂಚಿಸಿದ. ವೀಕ್ಷಣೆಯ ಆಧಾರವಾಗಲಿ ಲೆಕ್ಕಾಚಾರದ ಬಲವಾಗಲಿ ಇಲ್ಲದ ಕಾರಣ ಸಂಕೋಚದಿಂದಲೇ ಮುಂದಿಟ್ಟನೆಂಬುದು ಗಮನಾರ್ಹ. 1755ರಲ್ಲಿ ಕಾಂಟ್ ಇಂಥದೇ ವಿಚಾರ ಪ್ರಕಟಿಸಿದ್ದನಾದರೂ ಆ ಪುಸ್ತಕ ಹೆಚ್ಚು ಪ್ರಚಾರ ಪಡೆದಿರಲಿಲ್ಲ.

ನಂತರದ ಕಾಲ

ಸೌರವ್ಯೂಹದ ದ್ರವ್ಯರಾಶಿಯಲ್ಲಿ ಶೇಕಡಾ 99ಕ್ಕೂ ಹೆಚ್ಚು ಸೂರ್ಯನದು. ಕೋನೀಯ ಸಂವೇಗದ ಬಹುಪಾಲು ಮಾತ್ರ ಗ್ರಹಗಳದು. ಲಾಪ್ಲಾಸನ ಸಿದ್ಧಾಂತ ಇದನ್ನು ವಿವರಿಸಲಾರದೆ 20ನೆಯ ಶತಮಾನದ ಆರಂಭದಲ್ಲಿ ಬದಿಗೆ ಸರಿಯಿತು. ಅನಿಲದ ಉಂಗುರವೊಂದು ಗ್ರಹವಾಗಿ ಒಗ್ಗೂಡುವುದೂ ಕಷ್ಟವೆಂದು ಕಂಡುಬಂದಿತ್ತು.

ಚಿತ್ರ ಬದಲಾದದ್ದು ದೂರದರ್ಶಕಗಳಿಂದ. 1984ರಲ್ಲಿ ಬೀಟಾ ಪಿಕ್ಟೋರಿಸ್ ನಕ್ಷತ್ರದ ಸುತ್ತಲಿನ ಧೂಳಿನ ತಟ್ಟೆಯ ಚಿತ್ರ ದೊರೆಯಿತು. 2014ರಲ್ಲಿ ಚಿಲಿಯ ಅಟಕಾಮಾ ಮರುಭೂಮಿಯ ಆಲ್ಮಾ ರೇಡಿಯೋ ದೂರದರ್ಶಕ, ಸುಮಾರು 450 ಜ್ಯೋತಿರ್ವರ್ಷ ದೂರದ ಎಚ್‌ಎಲ್ ಟೌರಿಯ ಸುತ್ತ ಹೊಳೆಯುವ ಉಂಗುರಗಳನ್ನೂ ಕಪ್ಪು ತೆರಪುಗಳನ್ನೂ ತೋರಿಸಿತು. ಇಂಥ ತಟ್ಟೆಗಳಲ್ಲಿ ಮಿಲಿಮೀಟರ್ ತರಂಗಗಳಲ್ಲಿ ಹೊಳೆಯುವುದು ಧೂಳು. ಅನಿಲ ಗುರುತಾಗುವುದು ಕಾರ್ಬನ್ ಮಾನಾಕ್ಸೈಡಿನ ರೋಹಿತರೇಖೆಗಳಿಂದ. ತಟ್ಟೆಯ ಒಂದು ಪಕ್ಕ ನಮ್ಮತ್ತ, ಇನ್ನೊಂದು ಪಕ್ಕ ಆಚೆಗೆ ಚಲಿಸುವುದರಿಂದ ಆ ರೇಖೆಗಳು ಸ್ಥಾನಪಲ್ಲಟಗೊಂಡು ತಟ್ಟೆಯ ಭ್ರಮಣವನ್ನು ತಿಳಿಸುತ್ತವೆ. ಈ ಉಂಗುರಗಳನ್ನು ಲಾಪ್ಲಾಸ್ ಊಹಿಸಿದ ಉಂಗುರಗಳೆಂದು ಭಾವಿಸಬಾರದು: ಅವು ನಕ್ಷತ್ರದಿಂದ ಕಳಚಿದವಲ್ಲ, ಅದನ್ನು ಹುಟ್ಟಿಸಿದ ಮೋಡದಿಂದಲೇ ಉಳಿದ ತಟ್ಟೆಯೊಳಗಿನ ರಚನೆಗಳು.